ಅರವತ್ತು ಗುಂಡಿಗಳ ಲೆಕ್ಕ

ಮೂರು ಗಂಟೆಗೆ ಸರಿಯಾಗಿ ಬಾಗಿಲು ತಟ್ಟಿದ ಕಂಪನಿ ಪ್ರತಿನಿಧಿಯ ಕಂಕುಳಲ್ಲಿ ಮೊಹರು ಒಡೆಯದ ಪೆಟ್ಟಿಗೆಯೊಂದಿತ್ತು. ಒಳಗಿದ್ದದ್ದು ಹೊಸ ಗೇಮ್ ಕನ್ಸೋಲ್. ಅದನ್ನು ಕಂಡೊಡನೆ ಪತ್ರಿಕೆಯ ಗೇಮ್ ವಿಮರ್ಶಕಿಗೆ ಅವನ ಉದ್ದೇಶ ತಿಳಿದುಹೋಯಿತು. ಅವಳ ಮನೆಯಲ್ಲೇ, ಅವಳ ಟಿವಿಯಲ್ಲೇ ಅವಳ ಮಾತನ್ನು ಸುಳ್ಳು ಮಾಡಿ ತೋರಿಸಲು ಬಂದಿದ್ದಾನೆ.

ಜಗಳಕ್ಕೆ ಮೂಲ ಅವಳು ಬರೆದ ಒಂದು ಸಾಲು. ಕಾರ್ ರೇಸ್ ಆಟದ ಸೇತುವೆಯ ತಿರುವಿನಲ್ಲಿ ಕಂಪನಿಯ ಹಳೆಯ ಕನ್ಸೋಲ್, ಚಿತ್ರ ತುಸು ಒರಟಾದರೂ, ಸೆಕೆಂಡಿಗೆ ಅರವತ್ತು ಫ್ರೇಮ್, ಅಂದರೆ ಅರವತ್ತು ಹೊಸ ಚಿತ್ರ, ತಪ್ಪದೆ ತೋರಿಸುತ್ತದೆ; ಹೊಸದು ನಲವತ್ತೆಂಟಕ್ಕೆ ಕುಸಿದು, ಆ ಕೊರತೆಯನ್ನು ಮೋಷನ್ ಬ್ಲರ್‌ನ ಮಬ್ಬಿನಲ್ಲಿ ಬಚ್ಚಿಡುತ್ತದೆ ಎಂದಿತ್ತು ಆ ಸಾಲು. ಅಚ್ಚಿಗೆ ಹೋಗುವ ಮುನ್ನ ಸಂಪಾದಕರು ಪದ್ಧತಿಯಂತೆ ಅದನ್ನು ಕಂಪನಿಗೆ ಕಳುಹಿಸಿದ್ದರು. ಕಂಪನಿ ಕೆಂಡವಾಗಿತ್ತು. ಐದು ಗಂಟೆಯೊಳಗೆ ಸಾಲನ್ನು ಸಾಬೀತುಪಡಿಸದಿದ್ದರೆ ಲೇಖನವನ್ನಷ್ಟೇ ಅಲ್ಲ, ಅಂಕಣವನ್ನೇ ಬೇರೆಯವರ ಕೈಗೆ ಕೊಡಬೇಕಾಗುತ್ತದೆಂದು ಸಂಪಾದಕರು ಬೆಳಿಗ್ಗೆಯೇ ಫೋನಿನಲ್ಲಿ ತಿಳಿಸಿದ್ದರು. ಅದು ಎಂಟು ವರ್ಷ ಹಗಲಿರುಳು ದುಡಿದು ಕಟ್ಟಿದ ಅಂಕಣ. ಆದರೂ ವಿಮರ್ಶಕಿ ಎಳ್ಳಷ್ಟೂ ಅಳುಕಲಿಲ್ಲ. ಎಣಿಸದೆ ಒಂದಕ್ಷರ ಬರೆದವಳಲ್ಲ ಅವಳು.

ಮುಂದಿನ ಕೋಣೆಯ ಅರ್ಧ ಭಾಗ ಅವಳದು, ಇನ್ನರ್ಧ ಟೈಲರ್ ಕೆಲಸದ ಅಕ್ಕನದು. ಹೊಲಿಗೆ ಯಂತ್ರದ ಸುತ್ತ ಬಿದ್ದಿದ್ದ ಬಟ್ಟೆಯ ಚೂರುಗಳತ್ತ ಪ್ರತಿನಿಧಿ ಒಮ್ಮೆ ಕಣ್ಣಾಡಿಸಿ, ನಿಮ್ಮ ಕನ್ಸೋಲಿನ ಹೊಟ್ಟೆಯಲ್ಲಿ ಒಂದು ದಿಂಬಿಗಾಗುವಷ್ಟು ನೂಲು ಸೇರಿರಬೇಕು ಮೇಡಂ ಎಂದು ನಗೆಯಾಡಿದ. ಅದಕ್ಕೇ ತಾನು ಹೊಚ್ಚಹೊಸದನ್ನು ತಂದಿರುವುದಾಗಿಯೂ ಹೇಳಿದ. ಅಕ್ಕ ಸೂಜಿಯಿಂದ ಕಣ್ಣೆತ್ತದೆಯೇ ಮೂಗು ಮುರಿದಳು.

ಪೆಟ್ಟಿಗೆ ಬಿಚ್ಚಿ, ತಂತಿ ಜೋಡಿಸಿ ಆಟ ಶುರುಮಾಡಿದರು. ಟಿವಿಯ ಎದುರು ಮುಕ್ಕಾಲಿಯ ಮೇಲೆ ವಿಮರ್ಶಕಿಯ ವೇಗದ ಕ್ಯಾಮೆರಾ ಕುಳಿತಿತ್ತು. ಪರದೆಯಲ್ಲಿ ಒಂದು ಸೆಕೆಂಡಿಗೆ ಸಿಗುವ ಅರವತ್ತು ಅವಕಾಶಗಳಲ್ಲಿ ಎಷ್ಟರಲ್ಲಿ ಹೊಸ ಚಿತ್ರ ಬಂತು, ಎಷ್ಟರಲ್ಲಿ ಹಳೆಯದೇ ಮತ್ತೆ ನಿಂತಿತು ಎಂಬುದನ್ನು ಅದು ಹಿಡಿದಿಡುತ್ತಿತ್ತು. ಕಾರು ಸೇತುವೆಯ ತಿರುವನ್ನು ಮೂರು ಬಾರಿ ದಾಟಿತು. ವಿಮರ್ಶಕಿ ಒಂದೊಂದೇ ಚಿತ್ರವನ್ನು ಸರಿಸಿ ಎಣಿಸಿದಳು. ಅರವತ್ತು. ಎರಡನೆಯ ಸಲವೂ ಅರವತ್ತು. ಮೂರನೆಯ ಸಲವೂ ಅಷ್ಟೇ.

ಅವಳು ಗಡಿಯಾರದತ್ತ ನೋಡಿದಳು. ಆಗ ಮೂರೂಕಾಲು. ಪ್ರತಿನಿಧಿ ಅವಸರವಿಲ್ಲದೆ ಫೋನ್ ತೆಗೆದು, ಸಂಪಾದಕರಿಗೆ ತಾವೇ ಹೇಳುತ್ತೀರೋ, ನಾನೇ ಹೇಳಲೋ ಎಂದು ಕೇಳಿದ.

ಹೊಲಿಗೆ ಯಂತ್ರ ನಿಂತಿತು.

"ಎಷ್ಟು ಹೊತ್ತು ಓಡಿಸಿದ್ರಿ?" ಎಂದಳು ಅಕ್ಕ.

"ಹತ್ತು ನಿಮಿಷ," ಎಂದ ಪ್ರತಿನಿಧಿ.

"ಹತ್ತು ನಿಮಿಷಕ್ಕೆ ನನ್ನ ಮೆಷಿನ್ನೂ ರಾಣಿ ಥರ ಓಡುತ್ತೆ. ಎರಡು ಕೋಟು ಹೊಲಿದ ಮೇಲೆ ನೋಡಿ ಅದರ ಬಂಡವಾಳ."

ಇಂದಿನ ಜಿದ್ದಿನಲ್ಲಿ ಮರೆತದ್ದು ನೆನಪಾಗಿ ವಿಮರ್ಶಕಿ ನಾಲಿಗೆ ಕಚ್ಚಿಕೊಂಡಳು. ತಣ್ಣಗಿರುವ ಯಂತ್ರವನ್ನು ಈ ಮನೆಯಲ್ಲಿ ಯಾರೂ ಪರೀಕ್ಷಿಸುತ್ತಿರಲಿಲ್ಲ. ಒಂದು ಗಂಟೆ ಓಡಿಸಿ, ಮೈ ಬಿಸಿಯಾದ ಮೇಲೆಯೇ ಅವಳ ಎಣಿಕೆ ಆರಂಭವಾಗುತ್ತಿತ್ತು. ಅದು ಅಕ್ಕನಿಂದ ಬಂದ ಅಭ್ಯಾಸ. ಉಸಿರಾಟದಷ್ಟು ಸಹಜವಾಗಿದ್ದರಿಂದಲೇ ಲೇಖನದಲ್ಲಿ ಬರೆಯಬೇಕೆಂದು ಹೊಳೆದಿರಲಿಲ್ಲ. ತಪ್ಪು ಎಣಿಕೆಯಲ್ಲಿರಲಿಲ್ಲ, ಬರೆಯದೆ ಬಿಟ್ಟ ಆ ಮಾತಿನಲ್ಲಿತ್ತು. ಅವಳು ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ನಾಲ್ಕೂಕಾಲಿನವರೆಗೆ ಕುಳಿತಿರಲು ಪ್ರತಿನಿಧಿಯನ್ನು ಕೇಳಿದಳು. ಅರ್ಧ ಪರೀಕ್ಷೆಯಲ್ಲೇ ಗೆದ್ದೆನೆಂದು ಎದ್ದು ಹೋಗುವ ಜಾಯಮಾನ ಅವನದೂ ಅಲ್ಲ. ಕುಳಿತ.

ಕಾರು ಸುತ್ತುತ್ತಲೇ ಇತ್ತು. ಮೂರು ಮುಕ್ಕಾಲಿಗೆ ಎಣಿಸಿದಾಗಲೂ ಅರವತ್ತು. ನಾಲ್ಕಕ್ಕೆ ಸಂಪಾದಕರ ಫೋನ್ ಬಂತು. ವಿಮರ್ಶಕಿ ಇನ್ನೂ ಸ್ವಲ್ಪ ಹೊತ್ತು ಎಂದಷ್ಟೇ ಹೇಳಿ ಇಟ್ಟಳು. ನಾಲ್ಕೂ ಹತ್ತಕ್ಕೆ ಕನ್ಸೋಲಿನ ಫ್ಯಾನ್ ಮೊದಲ ಸಲ ಗುಂಯ್‌ಗುಡತೊಡಗಿತು. ಪ್ರತಿನಿಧಿಯ ಕಿವಿ ನೆಟ್ಟಗಾದದ್ದನ್ನು ಅಕ್ಕ ಗಮನಿಸಿದಳು.

ನಾಲ್ಕೂಕಾಲಿಗೆ ಕಾರು ಮತ್ತೆ ಸೇತುವೆ ಹತ್ತಿತು. ಬರಿಗಣ್ಣಿಗೆ ಎಲ್ಲವೂ ಬೆಣ್ಣೆಯಂತೆ ಜಾರಿತು. ರಸ್ತೆಯ ಬಿಳಿ ಗೆರೆಗಳು ಒದ್ದೆ ಬಟ್ಟೆಯಲ್ಲಿ ಒರೆಸಿದ ಸೀಮೆಸುಣ್ಣದಂತೆ ಹರಡಿಕೊಂಡವು. ಪ್ರತಿನಿಧಿ ನಿಟ್ಟುಸಿರುಬಿಟ್ಟು, ಇದರಲ್ಲಿ ಯಾವ ಕುಂದೂ ಕಾಣುವುದಿಲ್ಲವೆಂದ.

"ಕಾಣಬಾರದು ಅಂತಲೇ ತಾನೆ ಮಬ್ಬು ಮಾಡಿರೋದು? ಈ ಸಲ ನೀವೇ ಎಣಿಸಿ," ಎಂದಳು ವಿಮರ್ಶಕಿ.

ಅಕ್ಕ ತನ್ನ ಗುಂಡಿಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಹೊಸ ಚಿತ್ರಕ್ಕೆ ಬಿಳಿ ಗುಂಡಿ, ಹಳೆಯದೇ ಮರುಕಳಿಸಿದರೆ ಕರಿ ಗುಂಡಿ. ಪ್ರತಿನಿಧಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದೇ ಚಿತ್ರ ಸರಿಸಿದ. ಬಿಳಿ, ಬಿಳಿ, ಬಿಳಿ, ಬಿಳಿ. ಐದನೆಯದಕ್ಕೆ ಅವನ ಕೈ ಗಾಳಿಯಲ್ಲೇ ನಿಂತಿತು. ಹಿಂದಿನ ಚಿತ್ರಕ್ಕೆ ಹೋದ, ಮುಂದಿನದಕ್ಕೆ ಬಂದ; ಕಾರಿನ ಹಿಂದಿನ ಮಬ್ಬು ಕೂದಲೆಳೆಯಷ್ಟೂ ಕದಲಿರಲಿಲ್ಲ. ಕರಿ ಗುಂಡಿ ಇಟ್ಟ. ಅರವತ್ತು ಮುಗಿದ ಮೇಲೆ ಗುಂಡಿಗಳನ್ನು ಎರಡು ಸಲ ಎಣಿಸಿದ.

"ಕರಿ ಹನ್ನೊಂದು. ಬಿಳಿ ನಲವತ್ತೊಂಬತ್ತು," ಎಂದ ಅವನು. "ನೀವು ಬರೆದದ್ದು ನಲವತ್ತೆಂಟು," ಎಂದು ಸೇರಿಸಿದ.

"ನಿಮ್ಮ ಯಂತ್ರಕ್ಕೆ ನಲವತ್ತೊಂಬತ್ತು ಅಂತಲೇ ಹಾಕ್ತೀನಿ. ನಿಮ್ಮ ಪಾಲಿನ ಒಂದು ಫ್ರೇಮ್ ನಾನು ಯಾಕೆ ಇಟ್ಕೊಳ್ಳಲಿ?"

ಅವನಿಗೆ ನಗು ಬಂದುಬಿಟ್ಟಿತು. ಸಂಪಾದಕರಿಗೆ ತಾನೇ ಕರೆ ಮಾಡಿ, ಕಂಪನಿ ಕೇಳುವುದು ಎರಡೇ ಮಾತು ಎಂದು ತಿಳಿಸಿದ: ಪರೀಕ್ಷೆ ಯಂತ್ರ ಒಂದು ಗಂಟೆ ಓಡಿದ ಮೇಲಿನದು ಎಂಬ ಮಾತು ಲೇಖನದಲ್ಲಿ ಇರಲೇಬೇಕು, ಮೊದಲ ನಲವತ್ತು ನಿಮಿಷ ಅರವತ್ತು ಬಂದದ್ದೂ ಇರಬೇಕು. ವಿಮರ್ಶಕಿ ಆಗಲೇ ಆ ಎರಡೂ ವಾಕ್ಯಗಳನ್ನು ಬರೆದು ಮುಗಿಸಿದ್ದಳು. ಐದಕ್ಕೆ ಹತ್ತು ನಿಮಿಷವಿರುವಾಗ ಪುಟ ಅಚ್ಚಿಗೆ ಹೋಯಿತು, ಅವಳ ಅಂಕಣದ ಹೆಸರಿನಡಿಯಲ್ಲೇ.

ಪ್ರತಿನಿಧಿ ಇನ್ನೂ ಬಿಸಿ ಆರದ ಕನ್ಸೋಲನ್ನು ಪೆಟ್ಟಿಗೆಗೆ ತುಂಬಿ ಬಾಗಿಲು ದಾಟುವಷ್ಟರಲ್ಲಿ ಅಕ್ಕ ಹಿಂದಿನಿಂದ ಕರೆದಳು.

"ಆ ಕೈಲಿರೋದನ್ನ ಕೊಟ್ಟು ಹೋಗಿ. ನಾಳೆ ಕೋಟಿಗೆ ಹಾಕಬೇಕು."

ಅವನು ಮುಷ್ಟಿ ಬಿಚ್ಚಿ ನೋಡಿಕೊಂಡ. ತನಗರಿವಿಲ್ಲದೆ ಎತ್ತಿಕೊಂಡಿದ್ದ ಆ ಮೊದಲ ಕರಿ ಗುಂಡಿ ಅಲ್ಲಿತ್ತು.