ಉತ್ತರ ಬಂದವರು

“ಮೂಗ ಗಟ್ಟಿ ಹಿಡಿ. ಜಾರಿದ್ರ ಏಟ ಸರಿ ಬೀಳಂಗಿಲ್ಲ,” ಎಂದರು ಧರ್ಮರಾಜ ಸರ್, ಹಾಜರಿ ಪುಸ್ತಕದಿಂದ ತಲೆ ಎತ್ತದೆ.

ಗೌರೀಶ ಎಡಗೈಯ ಎರಡು ಬೆರಳಿನಿಂದ ಎದುರಿಗೆ ನಿಂತವನ ಮೂಗು ಹಿಡಿದ. ಬಲಗೈ ಬೀಸಿತು. ಹುಡುಗನ ಎಡಗೆನ್ನೆಯ ಮೇಲೆ ನಾಲ್ಕು ಬೆರಳು ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ ಮೂಡಿದವು. ಹದಿನೇಳೆಂಟ್ಲೆ ಎಷ್ಟು ಎಂದು ಕೇಳಿದಾಗ ಹುಡುಗರಲ್ಲಿ ಉತ್ತರ ಬಂದದ್ದು ಗೌರೀಶನೊಬ್ಬನಿಗೇ. ಉಳಿದ ಆರು ಮಂದಿ ಸಾಲಾಗಿ ನಿಂತಿದ್ದರು. ಏಟಿನಿಂದ ಏಟಿಗೆ ಬಿಡುವು ಒಂದೇ ಸಮನಾಗಿತ್ತು, ಭಜನೆಯ ತಾಳದ ಹಾಗೆ.

“ಲೇ ಗೌರ್ಯಾ, ನಿನ್ನಿ ನನ್ನ ಡಬ್ಬ್ಯಾಗಿನ ಚಪಾತಿ ತಿಂದೀದಿ. ಹಗೂರ ಹೊಡಿಯಲೇ,” ಎಂದು ಕೊನೆಯಲ್ಲಿ ನಿಂತ ಅರುಣ ಪಿಸುಗುಟ್ಟಿದ.

“ಸರ್ ನೋಡಾಕತ್ತಾರೋ ದೋಸ್ತಾ,” ಎಂದ ಗೌರೀಶ ಅವನಿಗೆ ಎಲ್ಲರಿಗಿಂತ ಜೋರಾಗಿ ಹೊಡೆದ.

ಇನ್ನು ಹುಡುಗಿಯರ ಸಾಲು. ಐದು ಮಂದಿ. ಅವರಿಗೆ ಹೊಡೆಯಬೇಕಾದವಳು ಅವರಲ್ಲೇ ಉತ್ತರ ಬಂದವಳು. ಅದು ಸರ್ ಹಾಕಿದ ಕಟ್ಟಳೆ.

“ರಾಧಿಕಾ, ಏಳವಾ. ಹದಿನೆಂಟೇಳ್ಲೆ?”

ರಾಧಿಕಾ ಎದ್ದಳು. ತುಟಿ ಒಮ್ಮೆ ಅಲುಗಿತು, ಮತ್ತೆ ಮುಚ್ಚಿತು. “ಬರಂಗಿಲ್ರಿ.”

ಉಳಿದ ನಾಲ್ವರಿಗೂ ಬರಲಿಲ್ಲ. “ಬಂದಾಕಿನ ಇಲ್ಲಂದ್ರ ಹೊಡಿಯಾಕಿ ಯಾರು? ಇವತ್ತೂ ಪಾರಾದ್ರಿ,” ಎಂದು ಸರ್ ನಕ್ಕರು. ಗಂಡುಹುಡುಗರು ಕೆನ್ನೆ ಸವರಿಕೊಳ್ಳುತ್ತಲೇ ನಕ್ಕರು. ರಾಧಿಕಾ ಕೂತಳು. ಪಕ್ಕದಲ್ಲಿ ಅವಳ ಕಾಕಾನ ಮಗಳು ಭಾಗ್ಯಾ, ಒಂದೇ ಮನೆಯವಳು, ಯಾವಾಗಲೂ ಕೂರುವಂತೆ ತಲೆ ವಾಲಿಸಿ ಬಲಗಡೆಯನ್ನು ಕರಿಹಲಗೆಯ ಕಡೆ ಮಾಡಿ ಕೂತಿದ್ದಳು.

ಗಣಿತದಲ್ಲಿ ಹಿಂದೆ ಬಿದ್ದ ಹನ್ನೆರಡು ಮಕ್ಕಳಿಗೆ ಬೆಳಗ್ಗೆ ಎಂಟಕ್ಕೇ ಈ ವಿಶೇಷ ತರಗತಿ. ಸರ್ ಬೀಳಗಿಯಿಂದ ಬೈಕಿನ ಮೇಲೆ, ಕಬ್ಬಿನ ಟ್ರಾಕ್ಟರುಗಳನ್ನು ದಾಟಿಕೊಂಡು, ರವಿವಾರವೂ ತಪ್ಪದೆ ಬರುತ್ತಿದ್ದರು. ಯಾರೂ ಬರಲು ಹೇಳಿರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಬರೆದು ತರುತ್ತಿದ್ದರು. ಬಡಿಗೆ ಮುಟ್ಟಬಾರದೆಂದು ಸರಕಾರ ಹೇಳಿದ ದಿನ ತಮ್ಮ ಹುಣಸೆ ಬರಲಿನ ಬಡಿಗೆಯನ್ನು ಮುರಿದು ಒಲೆಗೆ ಹಾಕಿದ್ದರು. “ಹತ್ತ ವರ್ಷ ಆತು, ನಾ ಒಂದ ಹುಡುಗಗ ಕೈ ಹಚ್ಚಿಲ್ಲ,” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅದು ಸುಳ್ಳಲ್ಲ. ಹೊಡೆಯುವ ಕೈಗಳು ಮಕ್ಕಳವು. ಮಗ್ಗಿ ಕೇಳಿದ ದಿನ ಬಂದವರು ಬಾರದವರಿಗೆ. ಪೇಪರು ತಿದ್ದಿ ಕೊಟ್ಟ ದಿನ ಪಾಸಾದವರು ನಪಾಸಾದವರಿಗೆ.

ಅವರಿಗೆ ಅರ್ಥವಾಗದೆ ಉಳಿದದ್ದು ರಾಧಿಕಾ ಒಬ್ಬಳೇ. ಒಂಬತ್ತನೆಯ ಇಯತ್ತೆಯವರೆಗೆ ಗಣಿತದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಈ ವರ್ಷ ವಿಜ್ಞಾನದಲ್ಲಿ ಎಂಬತ್ತಕ್ಕೆ ಎಪ್ಪತ್ತೊಂದು, ಗಣಿತದಲ್ಲಿ ಒಂಬತ್ತು.

ಅವಳ ತಾಯಿ ಸಾತವ್ವನಿಗೆ ಹೇಳಿ ಕಳಿಸಿದ್ದರು. ತರಗತಿ ಬಿಡುವ ಹೊತ್ತಿಗೆ ಸಾತವ್ವ ಬಂದಳು. ಒಂಬತ್ತು ಎಂಬ ಅಂಕಿ ಕಿವಿಗೆ ಬಿದ್ದದ್ದೇ ತಡ, ಮಗಳ ಹೆರಳು ಹಿಡಿದು ಎಳೆದು ಬೆನ್ನಿಗೆ ಗುದ್ದಿದಳು.

“ನೀವೂ ಹೊಡೀರಿ ಸರ್, ಕಣ್ಣೊಂದ ಬಿಟ್ಟು ಎಲ್ಲಿ ಬೇಕಾದ್ರೂ ಬಡೀರಿ! ಇವರಪ್ಪ ಕುರಿಹಿಂಡ ಹೊಡಕೊಂಡು ಹೊಳಿದಂಡಿಗೆ ಕುಂತಾನ, ಮರಿ ನೋಡಾಕ ಆಳಿಲ್ಲ. ಸಾಲಿ ಕಲೀಲಿ ಅಂತ ಇಕೀನ್ನ ಊರಾಗ ಬಿಟ್ಟರ ಒಂಬತ್ತ ತರತಾಳ!” ಇನ್ನೊಂದು ಗುದ್ದು. “ಸೋಮವಾರದ ಪರೀಕ್ಷಾದಾಗ ಪಾಸ್ ಆಗಲಿಲ್ಲಂದ್ರ ಮಂಗಳವಾರ ಕುರಿ ಹಿಂದ ಹೋಗಾಕಿ. ಬೀರಪ್ಪನ ಆಣಿ.”

“ದೊಡ್ಡವ್ವಾ, ಬಿಡಬೇ!” ಎಂದು ಭಾಗ್ಯಾ ನಡುವೆ ಬಂದಳು. ಸಾತವ್ವ ಅಂಗೈ ಎತ್ತಿದಳು. ಆಗ ರಾಧಿಕಾ ತನ್ನ ಮುಖ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈಗಳಿಂದ ಭಾಗ್ಯಾಳ ಕಿವಿ ಮುಚ್ಚಿದಳು. ಏಟು ಅವಳ ಬೆರಳುಗಳ ಮೇಲೆ ಬಿತ್ತು.

“ಇರಲಿ ಬಿಡ್ರಿ ಅವ್ವಾರ,” ಎಂದರು ಸರ್. ಕಿವಿ ಮುಚ್ಚಿದ ಆ ಕೈಗಳನ್ನು ಅವರು ನೋಡಿದರು, ಯಾಕೆಂದು ತಿಳಿಯಲಿಲ್ಲ.

ಮರುದಿನ ಶನಿವಾರ. ಸೋಮವಾರದ ಪರೀಕ್ಷೆಗೆ ಖಂಡಿತ ಬರುವ ಲೆಕ್ಕವೆಂದು ವರ್ಗಸಮೀಕರಣ ಹಿಡಿದರು. ಎರಡು ಎಕ್ಸ್ ವರ್ಗ, ಮೈನಸ್ ಏಳು ಎಕ್ಸ್, ಪ್ಲಸ್ ಮೂರು, ಸಮ ಸೊನ್ನೆ. ಸೂತ್ರ ಬರೆದು ಬೆಲೆ ಹಾಕುತ್ತ ಹೋದರು. ರಾತ್ರಿ ಸರಿಯಾಗಿ ನಿದ್ದೆ ಇರಲಿಲ್ಲ. ಕೈ ತನ್ನಷ್ಟಕ್ಕೆ ಬರೆಯುತ್ತಿತ್ತು. ಎಕ್ಸ್ ಬೆಲೆ ಮೈನಸ್ ಮೂರು ಎಂದು ಬಂತು. ಅಡಿಗೆರೆ ಎಳೆದರು.

“ಭಾಗ್ಯಾ, ಬಾ. ಈ ಬೆಲೆ ಹಾಕಿ ತಾಳೆ ನೋಡು. ಸೊನ್ನೆ ಬರಬೇಕು.”

ಭಾಗ್ಯಾ ಹಲಗೆಗೆ ಬಂದಳು. ಹದಿನೆಂಟು, ಇಪ್ಪತ್ತೊಂದು, ಮೂರು. ನಲವತ್ತೆರಡು ಬಂತು. ಅಳಿಸಿದಳು. ಮತ್ತೆ ನಲವತ್ತೆರಡು.

“ಸೊನ್ನೆ ಬರಬೇಕವಾ,” ಎಂದರು ಸರ್, ಅವಳ ಎಡಕ್ಕೆ ನಿಂತು. ಅವಳು ತಿರುಗಲಿಲ್ಲ. “ಸೊನ್ನಿ ಅಂದ್ನಿ! ಏ! ಕೇಳಾಕತ್ತೈತೋ ಇಲ್ಲೋ?” ಅವಳು ಮೂರನೆಯ ಸಲ ನಲವತ್ತೆರಡು ಬರೆದಳು.

ಸರ್ ಅವರ ಹಣೆಯ ನರ ಎದ್ದಿತು. ಪರೀಕ್ಷೆಗೆ ನಡುವೆ ಇನ್ನೊಂದೇ ದಿನ. “ಇವತ್ತ ಗಂಡು ಹೆಣ್ಣು ನೋಡಂಗಿಲ್ಲ. ಗೌರೀಶ, ಬಾ. ಹಿಡಿ ಮೂಗು.”

ಗೌರೀಶ ಬಂದ. ಅವನ ಬೆರಳು ಭಾಗ್ಯಾಳ ಮೂಗು ಹಿಡಿದವು. ಬಲಗೈ ಹಿಂದಕ್ಕೆ ಹೋಯಿತು.

“ಮುಟ್ಟಿದ್ರ ಕೈ ಮುರೀತೀನಿ ಲೇ!”

ರಾಧಿಕಾ ಬೆಂಚು ಹತ್ತಿ ದಾಟಿ ಬಂದಿದ್ದಳು. ಗೌರೀಶನ ಎದೆಗೆ ಎರಡೂ ಕೈಯಿಂದ ನೂಕಿದಳು. ಅವನು ಮೇಜಿನ ಅಂಚಿಗೆ ಬಡಿದು ಕೆಳಗೆ ಕೂತ. ಅವನ ಮೊಣಕೈಯಿಂದ ರಕ್ತ ಜಿನುಗಿತು.

“ಆಕಿ ತಪ್ಪ ಮಾಡಿಲ್ರಿ. ತಪ್ಪ ನಿಮ್ದೈತ್ರಿ, ಸರ್.” ಸೀಮೆಸುಣ್ಣ ತೆಗೆದುಕೊಂಡು ಅವರು ಬರೆದ ಸಾಲನ್ನು ಹೊಡೆದುಹಾಕಿದಳು. “ಸೂತ್ರದಾಗಿನ ಬಿ ಅಂದ್ರ ಮೈನಸ್ ಏಳ್ರಿ. ಮೈನಸ್ ಬಿ ಅಂದ್ರ ಪ್ಲಸ್ ಏಳು. ಎಕ್ಸ್ ಮೂರು ಬರತೈತಿ, ಇಲ್ಲಾ ಅರ್ಧ. ಹದಿನೆಂಟರಾಗ ಇಪ್ಪತ್ತೊಂದ ಹ್ವಾತು, ಮೂರ ಕೂಡಿತು. ಸೊನ್ನಿ.”

ಸರ್ ಹಲಗೆ ನೋಡಿದರು. ಹೌದು.

“ಬರತೈತೆಲ್ಲ ನಿನಗ! ಮತ್ತ ಇಷ್ಟ ದಿನ ಯಾಕ ಬಾಯಿ ಬಿಡಲಿಲ್ಲ?”

“ಉತ್ತರ ಬಂದ್ರ ಹೊಡಿಬೇಕಾಗತೈತಿ.” ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. “ಪಂಚಮಿ ಹಬ್ಬದ ಮರುದಿನ ನನಗ ಉತ್ತರ ಬಂದಿತ್ರಿ. ಇಕಿಗೆ ಹಗೂರ ಹೊಡದ್ನಿ. ‘ಹಬ್ಬದ ಉಂಡಿ ತಿಂದಿಲ್ಲೇನು, ಗಟ್ಟಿ ಹೊಡಿ’ ಅಂದ್ರಿ ನೀವು. ಗಟ್ಟಿ ಹೊಡದ್ನಿ. ಕಿವ್ಯಾಗಿಂದ ರಕ್ತ ಬಂತು. ಲಂಗದ ಅಂಚಿಲೆ ಒರಸಿ, ಮನ್ಯಾಗ ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಎಡಗಿವಿ ಕೇಳಂಗಿಲ್ರಿ ಇಕಿಗೆ. ಅಜ್ಜ ಗುಡ್ಯಾಗ ಡೊಳ್ಳಿನ ಪದಾ ಎತ್ತಿದ್ರ ಹಿಂದಿನ ಸೊಲ್ಲ ಹಿಡಿಯಾಕಿ ಇಕಿನ ಇದ್ಲು. ಈಗ ತಾಳ ತಪ್ಪತಾಳ. ಅಜ್ಜ ಬೈತಾನ.”

ಭಾಗ್ಯಾ ಇಬ್ಬರ ಬಾಯನ್ನೂ ನೋಡುತ್ತ ನಿಂತಿದ್ದಳು. ಹೊರಗೆ ಕಬ್ಬಿನ ಟ್ರಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು. ಅದು ದೂರವಾದ ಮೇಲೆ, ಹುಡುಗರ ಸಾಲಿನಿಂದ ಅರುಣನ ಪಿಸುಮಾತು ಕೋಣೆಗೆಲ್ಲ ಕೇಳಿಸಿತು:

“ಲೇ, ಸರ್ ತಪ್ಪಿದ್ರ ಯಾರ ಹೊಡಿಯವ್ರಲೇ?”

ಒಬ್ಬನು ನಕ್ಕ.

ಧರ್ಮರಾಜ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಾಧಿಕಾಳ ಎದುರು ಬಂದು ಸ್ವಲ್ಪ ಬಾಗಿದರು.

“ಉತ್ತರ ಬಂದಾಕಿ ನೀನು,” ಎಂದರು. “ಹೊಡಿ.”

ಹುಡುಗಿ ಅತ್ತುಬಿಡುತ್ತಾಳೆ, ಬಹುಶಃ ಕಾಲು ಮುಟ್ಟುತ್ತಾಳೆ ಎಂದು ಅವರ ಮನಸ್ಸಿನ ಯಾವುದೋ ಮೂಲೆ ನಂಬಿತ್ತು. ಅವಳು ಸುಣ್ಣದ ಬೆರಳಿನಿಂದ ಅವರ ಮೂಗು ಹಿಡಿದಳು. ಜಾರದ ಹಾಗೆ, ಅವರೇ ಕಲಿಸಿದ ಹಾಗೆ. ಬಲಗೈಯನ್ನು ಭುಜದ ಹಿಂದಿನಿಂದ ತಂದಳು. ಆ ಸದ್ದಿಗೆ ಕಿಟಕಿಯ ಮೇಲಿನ ಗುಬ್ಬಿ ಎದ್ದು ಹೋಯಿತು. ಸರ್ ಒಂದು ಹೆಜ್ಜೆ ಪಕ್ಕಕ್ಕೆ ವಾಲಿ ಮೇಜು ಹಿಡಿದುಕೊಂಡರು. ತುಟಿ ಹಲ್ಲಿಗೆ ತಾಗಿ ಒಡೆದಿತ್ತು. ನಾಲಿಗೆಗೆ ಉಪ್ಪು ತಗುಲಿತು. ಎಡಗಿವಿಯೊಳಗೆ ಜೀರ್ ಎಂಬ ಒಂದೇ ನಾದ.

ರಾಧಿಕಾ ತನ್ನ ಅಂಗೈ ನೋಡಿಕೊಂಡಳು. ಅದು ಕೆಂಪಾಗಿತ್ತು. ಲಂಗಕ್ಕೆ ಒರೆಸಿಕೊಂಡು ಸೀಮೆಸುಣ್ಣ ಎತ್ತಿಕೊಂಡಳು. ಸರ್ ಅವರ ಎಡಕ್ಕೆ, ಹಲಗೆಯ ಹತ್ತಿರ ನಿಂತು ಏನೋ ಕೇಳಿದಳು. ಅವರು ಮಕ್ಕಳ ಕಡೆಯೇ ನೋಡುತ್ತಿದ್ದರು. ಮತ್ತೊಮ್ಮೆ ಕೇಳಿದಳು.

ಭಾಗ್ಯಾ ಹತ್ತಿರ ಬಂದು ಅವರ ತೋಳು ಮುಟ್ಟಿದಳು. ತನ್ನ ತಲೆಯನ್ನು ಮೆಲ್ಲಗೆ ವಾಲಿಸಿ, ಹೀಗೆ, ಎಂದು ತೋರಿಸಿದಳು.

ಸರ್ ಅವಳನ್ನೇ ನೋಡಿದರು. ಆಮೇಲೆ ಅದೇ ರೀತಿ ತಲೆ ವಾಲಿಸಿ, ಬಲಗಿವಿಯನ್ನು ಹಲಗೆಯ ಕಡೆಗೆ ತಿರುಗಿಸಿದರು.

“ಮುಂದಿನ ಲೆಕ್ಕ ಮಾಡ್ಲೇನ್ರಿ, ಸರ್?” ರಾಧಿಕಾ ಮೂರನೆಯ ಸಲ ಕೇಳುತ್ತಿದ್ದಳು.