ಅಂಟಿನ ಕಾಯಿಲೆ, ಅಂಟುವ ಕಾಯಿಲೆಯಲ್ಲ

ಮೈಮೇಲೆ ಒಂದು ಗುಳ್ಳೆಯೂ ಇಲ್ಲದಿರುವಾಗ ಪರೀಕ್ಷೆಗೆ ರಕ್ತ ಕೊಡು ಎಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಬೈಂಡರಣ್ಣನಿಗಂತೂ ಸಿಟ್ಟು ಮೂಗಿನ ತುದಿಯಲ್ಲೇ. ಪುಸ್ತಕ ಕಟ್ಟುವ ತನ್ನ ಅಂಗಡಿಯಲ್ಲಿ ಕೂತು ದಪ್ಪ ನಿಘಂಟೊಂದಕ್ಕೆ ದಾರ ಹೊಲಿಯುತ್ತ, ಪಕ್ಕದ ಮನೆಯ ನರ್ಸಮ್ಮನ ಮೇಲೆ ಹರಿಹಾಯ್ದ.

"ನೋಡಮ್ಮ, ನನ್ನ ಮೈ ಈಗ ಕನ್ನಡಿ ಥರ ಇದೆ. ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋ ಹಾಗೆ, ಸುಮ್ನೆ ಸೂಜಿ ಯಾಕೆ ಚುಚ್ಚಿಸ್ಕೊಳ್ಲಿ?"

"ಮಾತ್ರೆ ಇನ್ನೂ ಕಡಿಮೆ ಮಾಡಬಹುದಾ ಅಂತ ಡಾಕ್ಟರು ನೋಡ್ಬೇಕಲ್ಲಣ್ಣ. ಅದಕ್ಕೇ ರಕ್ತ ಕೇಳಿರೋದು."

"ಮಾತ್ರೆನೇ ಬಿಟ್ಬಿಡ್ತೀನಿ. ತಿಂದೂ ತಿಂದೂ ಮುಖ ಕುಂಬಳಕಾಯಿ ಆಗಿದೆ!"

ಕಳೆದ ವರ್ಷ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಬಾಯಿತುಂಬ ಹುಣ್ಣು, ಬೆನ್ನತುಂಬ ಗುಳ್ಳೆ. ಅಂಗಿ ಉಜ್ಜಿದರೂ ಚರ್ಮ ಸುಲಿದು ಬರುತ್ತಿತ್ತು. ಆಸ್ಪತ್ರೆಯಲ್ಲಿ ಅದನ್ನು ಪೆಂಫಿಗಸ್ ಎಂದರು. ಚಿಕಿತ್ಸೆಯಿಂದ ಗಾಯಗಳೆಲ್ಲ ಮಾಗಿದವು. ಆದರೆ ಆ ದಿನಗಳಲ್ಲಿ ಮನೆಯವರು ಅವನನ್ನು ಹಿಂದಿನ ಕೋಣೆಯಲ್ಲಿ ಒಬ್ಬನನ್ನೇ ಇಟ್ಟಿದ್ದರು. ಮೊಮ್ಮಗಳು ಗುಬ್ಬಿ ಹೊಸಿಲ ಆಚೆ ನಿಂತು "ತಾತಾ" ಎಂದು ಕರೆಯುತ್ತಿದ್ದಳು. ಈಗಲೂ ಅವಳನ್ನು ಅವನ ತೊಡೆಗೆ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಟೀ ತಂದಳು. ಅವನ ಲೋಟಕ್ಕೆ ಮಾತ್ರ ಕೆಂಪು ದಾರ ಸುತ್ತಿತ್ತು.

"ಇದೇನಕ್ಕ, ದಾರ?" ಎಂದಳು ನರ್ಸಮ್ಮ.

"ಅವರ ಲೋಟ ಗುರುತಿಗಿರ್ಲಿ ಅಂತ. ಡಾಕ್ಟರೇ ಹೇಳಿದ್ರಲ್ಲ, ಇದು ಅಂಟಿನ ಕಾಯಿಲೆ ಅಂತ."

ನರ್ಸಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಅಕ್ಕಾ! ಅವರು ಹೇಳಿದ್ದು ಅಂಟಿನ ಕಾಯಿಲೆ, ನೀವು ತಿಳ್ಕೊಂಡಿದ್ದು ಅಂಟುಕಾಯಿಲೆ!"

"ಎರಡೂ ಒಂದೇ ಅಲ್ವಾ?"

"ಅಜಗಜಾಂತರ!" ಅವಳು ಮೇಜಿನ ಮೇಲಿದ್ದ ಅಂಟಿನ ಡಬ್ಬಿ ಎತ್ತಿ ತೋರಿಸಿದಳು. "ಅಣ್ಣ ಹಾಳೆ ಹಾಳೆ ಸೇರಿಸೋಕೆ ಇದನ್ನ ಹಚ್ತಾರಲ್ಲ, ನಮ್ಮ ಚರ್ಮದ ಜೀವಕಣಗಳನ್ನ ಹಿಡಿದಿಡೋಕೂ ಒಂದು ಅಂಟಿದೆ. ಮೈ ಕಾಯ್ಬೇಕಾದ ಶಕ್ತಿನೇ ದಾರಿ ತಪ್ಪಿ ಆ ಅಂಟಿನ ಮೇಲೆ ಬೀಳುತ್ತೆ. ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಅಂಟು ಬಿಡ್ತು, ಗುಳ್ಳೆ ಎದ್ವು. ಇದು ಮುಟ್ಟಿದ್ರೂ ಹರಡಲ್ಲ, ಒಂದೇ ಲೋಟದಲ್ಲಿ ಕುಡಿದ್ರೂ ಹರಡಲ್ಲ."

ಬೈಂಡರಣ್ಣನ ಸೂಜಿ ನಿಂತಿತು. "ಹಾಗಾದ್ರೆ ಗುಬ್ಬೀನ ನಾನು ಎತ್ಕೋಬಹುದಿತ್ತಾ? ಆಗಲೂ?"

"ಧಾರಾಳವಾಗಿ ಎತ್ಕೋಬಹುದಿತ್ತಣ್ಣ."

ಅವನು ನಿಘಂಟನ್ನು ಪಕ್ಕಕ್ಕಿಟ್ಟ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈಂಡರಣ್ಣ ಇದ್ದದ್ದನ್ನು ಹೇಳಿಬಿಟ್ಟ. "ಸೂಜಿಗಲ್ಲಮ್ಮ ನಾನು ಹೆದರಿದ್ದು. ಕಾಯಿಲೆ ಮತ್ತೆ ಬರುತ್ತೆ ಅಂತ ರಕ್ತದಲ್ಲಿ ಕಂಡ್ರೆ, ಮತ್ತೆ ಆ ಕೋಣೆಗೆ ಹಾಕ್ತಾರಲ್ಲ ಅಂತ." ಆಮೇಲೆ ಹಳೆಯ ಗತ್ತು ಮರಳಿತು. "ಅದಿರ್ಲಿ, ಚರ್ಮ ಚೆನ್ನಾಗಿರೋವಾಗ ರಕ್ತ ಏನು ಹೇಳುತ್ತೆ?"

"ಗಿರಾಕಿ ಹಳೇ ಪುಸ್ತಕ ತಂದ್ರೆ ನೀವು ಮೊದಲು ಏನ್ಮಾಡ್ತೀರ?"

"ಬೆನ್ನು ಅದುಮಿ ನೋಡ್ತೀನಿ. ರಟ್ಟು ಎಷ್ಟೇ ಹೊಳೀಲಿ, ಒಳಗೆ ಅಂಟು ಬಿಡ್ತಿದ್ರೆ ಚಟ್ ಅನ್ನುತ್ತೆ. ಹಾಳೆ ಉದುರೋಕೆ ಮುಂಚೆನೇ..." ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದು ಅವನಿಗೆ ಗೊತ್ತಾಯಿತು.

ನರ್ಸಮ್ಮ ನಕ್ಕಳು. "ರಕ್ತ ಪರೀಕ್ಷೆನೂ ಅಷ್ಟೇ ಅಣ್ಣ. ದಾರಿ ತಪ್ಪಿದ ಆ ಶಕ್ತಿ ಕಳಿಸೋ, ಅಂಟಿನ ಮೇಲೆ ಬೀಳೋ ಪ್ರತಿಕಾಯಗಳು ಎಷ್ಟಿವೆ ಅಂತ ತೋರಿಸುತ್ತೆ. ಎಷ್ಟೋ ಜನರಲ್ಲಿ ಗುಳ್ಳೆ ಏಳೋ ಮುಂಚೆನೇ ಅವು ಏರುತ್ವೆ. ಇದು ಭವಿಷ್ಯವಾಣಿ ಅಲ್ಲ. ಏರಿದ್ರೆ ಬಂದೇ ಬರುತ್ತೆ ಅಂತಿಲ್ಲ, ಇಳಿದ್ರೆ ಬರೋದೇ ಇಲ್ಲ ಅಂತಲೂ ಇಲ್ಲ. ಅದಕ್ಕೇ ಡಾಕ್ಟರು ಚರ್ಮನೂ ನೋಡ್ತಾರೆ, ರಕ್ತನೂ ನೋಡ್ತಾರೆ. ಮಾತ್ರೆ ಮಾತ್ರ ನೀವಾಗೇ ದಿಢೀರ್ ಅಂತ ನಿಲ್ಲಿಸ್ಬೇಡಿ, ಜೀವಕ್ಕೇ ಅಪಾಯ."

ಮರುದಿನವೇ ಬೈಂಡರಣ್ಣ ತೋಳು ಚಾಚಿದ. ವರದಿಯಲ್ಲಿ ಪ್ರತಿಕಾಯಗಳು ಏರಿದ್ದವು. ಮಾತ್ರೆ ಇಳಿಸಬೇಕೆಂದಿದ್ದ ಡಾಕ್ಟರು ಅದನ್ನು ಹಾಗೆಯೇ ಮುಂದುವರಿಸಿ, ಬೇಗ ಮತ್ತೆ ಬರಲು ಹೇಳಿದರು. ಕೆಲವು ವಾರಗಳಲ್ಲಿ ಕೆನ್ನೆಯ ಒಳಗೆ ಒಂದು ಸಣ್ಣ ಹುಣ್ಣು ಎದ್ದಿತು ನಿಜ. ಕೋಣೆಯ ಹೆದರಿಕೆ ಈಗ ಇಲ್ಲದ್ದರಿಂದ ಅವನು ಅದನ್ನು ಮುಚ್ಚಿಡಲಿಲ್ಲ, ಅಂದೇ ಹೋಗಿ ತೋರಿಸಿದ. ಔಷಧಿ ಬದಲಾಯಿತು, ಹುಣ್ಣು ಹರಡದೆ ಅಲ್ಲೇ ಮಾಗಿತು.

ಹಿಂದಿನ ಕೋಣೆಯಲ್ಲಿ ಈಗ ರಟ್ಟಿನ ರಾಶಿಯಿದೆ. ಕೆಂಪು ದಾರವನ್ನು ಹೆಂಡತಿ ಅವನದೇ ಕತ್ತರಿಯಿಂದ ಕತ್ತರಿಸಿ ಎಸೆದಳು. ಅವನು ಕುಡಿದು ಉಳಿಸಿದ ಟೀಯನ್ನು ಅದೇ ಲೋಟದಿಂದ ಗುಟುಕರಿಸುತ್ತ, "ಸಕ್ಕರೆ ಜಾಸ್ತಿ ಆಯ್ತು" ಎಂದು ಗೊಣಗುತ್ತಾಳೆ. ಗುಬ್ಬಿ ತಾತನ ತೊಡೆಯೇರಿ, ಅಂಟು ಮೆತ್ತಿದ ಎರಡೂ ಕೈಗಳಿಂದ ಅವನ ಕೆನ್ನೆ ಹಿಡಿಯುತ್ತಾಳೆ.

"ತಾತಾ, ಅಂಟ್ಕೊಂಡ್ಬಿಟ್ಟೆ!"

"ಅಂಟ್ಕೋ ಮಗಳೇ, ಚೆನ್ನಾಗಿ ಅಂಟ್ಕೋ."

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಕಾಯಿಲೆಯವರು ಇದ್ದರೆ ದೂರ ಇಡಬೇಡಿ, ಪಕ್ಕದಲ್ಲಿ ಕೂತು ಊಟ ಮಾಡಿ. ಕಾಯಿಲೆ ನಿಮಗೇ ಇದ್ದರೆ, ಚರ್ಮ ಚೆನ್ನಾಗಿದೆ ಎಂದು ತಪಾಸಣೆ ತಪ್ಪಿಸಬೇಡಿ. ರಕ್ತ ಪರೀಕ್ಷೆ ನನಗೆ ಬೇಕೇ ಎಂದು ಚರ್ಮದ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ರಟ್ಟು ಹೊಳೆಯುತ್ತಿದೆ ಎಂದು ನಂಬಿ ಕೂರಬೇಡಿ, ಒಮ್ಮೆ ಬೆನ್ನು ಅದುಮಿ ನೋಡಿ.