ಎರಡು ಬಾವಿ ಸ್ಟಾಪು

ಡಿಪೋದಲ್ಲಿ ಎಲ್ಲರೂ ಅವಳನ್ನು ಗೇರಕ್ಕ ಎಂದೇ ಕರೆಯುತ್ತಿದ್ದರು. ಎಷ್ಟೇ ಹಳೆಯ ಬಸ್ಸಾಗಲಿ, ಅವಳ ಕೈಯಲ್ಲಿ ಗೇರು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬೀಳುತ್ತಿತ್ತು.

ಅವಳ ಅಪ್ಪನೂ ಅದೇ ಡಿಪೋದ ಚಾಲಕ. ಅವಳು ಕಾಲೇಜಿನ ಕೊನೆಯ ವರ್ಷದಲ್ಲಿ ಇತಿಹಾಸ ಓದುತ್ತಿದ್ದಾಗ ಅವನಿಗೆ ಲಕ್ವ ಹೊಡೆಯಿತು. ತಾಯಿ ಮೊದಲೇ ತೀರಿಕೊಂಡಿದ್ದಳು. ಅಪ್ಪನ ಕೆಲಸ ಮಗಳಿಗೆ ಬಂತು. ‘ಮುಂದಿನ ವರ್ಷ ಮುಗಿಸ್ತೀನಿ’ ಎಂದುಕೊಂಡು ಪುಸ್ತಕ ಮಡಚಿಟ್ಟಳು. ಆ ಮುಂದಿನ ವರ್ಷ ಬರಲೇ ಇಲ್ಲ. ತಲೆಯಲ್ಲಿ ಬೆಳ್ಳಿಕೂದಲು ಬಂತು.

ಒಂದು ದಿನ ಅವಳ ಬಸ್ಸಿಗೆ ಹಳೆಯ ಸಹಪಾಠಿಯೊಬ್ಬಳು ಹತ್ತಿದಳು. ಈಗ ಕಾಲೇಜಿನಲ್ಲಿ ಉಪನ್ಯಾಸಕಿ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ಅವಳು ಇಳಿಯಲಿಲ್ಲ.

"ಡಿಗ್ರಿ ಮುಗಿಸ್ಲೇ ಇಲ್ವೇನೇ?"

"ಎಲ್ಲಿ ಮುಗಿಸೋದು? ಓದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

"ಯಾರು ಹೇಳಿದ್ದು? ಪಾಸಾದ ಪ್ರತಿ ಪೇಪರಿಗೂ ಕ್ರೆಡಿಟ್ ಅಂತ ಇರುತ್ತೆ. ಆನ್‌ಲೈನ್‌ನಲ್ಲಿ ಪಾಠ ಮಾಡೋ ವಿಶ್ವವಿದ್ಯಾಲಯ ಇದೆ. ಆ ಹಳೇ ಕ್ರೆಡಿಟ್ಟನ್ನ ಅವರು ತಮ್ಮ ಲೆಕ್ಕಕ್ಕೆ ವರ್ಗಾಯಿಸ್ಕೊಳ್ತಾರೆ. ಉಳಿದಿದ್ದಷ್ಟೇ ಓದು ಸಾಕು. ಮೊದಲಿಂದ ಶುರುಮಾಡಬೇಕಿಲ್ಲ ಕಣೆ!"

ಅಂದು ವಾಪಸು ಬರುವಾಗ ಗೇರಕ್ಕ ಒಂದು ಸ್ಟಾಪಿನಲ್ಲಿ ನಿಲ್ಲಿಸುವುದನ್ನೇ ಮರೆತಳು. ಪ್ರಯಾಣಿಕರು ಬೊಬ್ಬೆ ಹೊಡೆದ ಮೇಲೆ ಬ್ರೇಕು ಬಿತ್ತು.

ಹಳೆಯ ಕಾಲೇಜಿನಿಂದ ಅಂಕಪಟ್ಟಿ ತರಿಸಿ ಆ ವಿಶ್ವವಿದ್ಯಾಲಯಕ್ಕೆ ಕಳಿಸಿದಳು. ಒಂದು ಪೇಪರು ಬಿಟ್ಟು ಉಳಿದೆಲ್ಲವನ್ನೂ ಒಪ್ಪಿಕೊಂಡರು. ಒಪ್ಪದೇ ಇದ್ದದ್ದು ಕಂಪ್ಯೂಟರ್ ಪೇಪರು. ಯಾಕೆಂದು ಕೇಳಲು ಫೋನು ಮಾಡಿದರೆ ಆ ಕಡೆಯವನು ನಕ್ಕ.

"ಅಮ್ಮಾ, ನೀವು ಕಲಿತ ಕಂಪ್ಯೂಟರ್ ಈಗ ಮ್ಯೂಸಿಯಮ್ಮಿನಲ್ಲಿದೆ."

"ನಾನು ಓದ್ತಿರೋದೂ ಇತಿಹಾಸಾನೇ ಅಲ್ವಾ ಸಾರ್?"

ಅವನು ಇನ್ನೂ ಜೋರಾಗಿ ನಕ್ಕ. ಆ ಪೇಪರಿಗೆ ಮಾತ್ರ ವಿನಾಯಿತಿ ಕೊಡಲಿಲ್ಲ.

ಬಿಡುವಿನಲ್ಲಿ ಬಸ್ಸಿನಲ್ಲೇ ಕೂತು ಪಾಠ ಕೇಳುತ್ತಿದ್ದಳು. ಮನೆಯಲ್ಲಿ ಅಪ್ಪ ಒಂದೇ ಕೈಯಲ್ಲಿ ಅಡುಗೆ ಕಲಿತ. ಉಪ್ಪು ಒಮ್ಮೆ ಹೆಚ್ಚು, ಒಮ್ಮೆ ಇಲ್ಲವೇ ಇಲ್ಲ. ಅವಳು ತುಟಿ ಪಿಟಕ್ಕೆನ್ನದೆ ಉಣ್ಣುತ್ತಿದ್ದಳು. ಇತಿಹಾಸ ನೀರು ಕುಡಿದಷ್ಟು ಸುಲಭವಾಯಿತು. ಕಂಪ್ಯೂಟರ್ ಮಾತ್ರ ಕಬ್ಬಿಣದ ಕಡಲೆ. ಮೊದಲ ಸಲ ನಪಾಸಾದಳು.

"ಸಾಕಪ್ಪಾ, ಈ ವಯಸ್ಸಿಗೆ ಇದೆಲ್ಲ ಯಾಕೆ?" ಎಂದಳು ಆ ಸಂಜೆ.

ಓದು ಬಿಡಿಸಿದ ಆ ದಿನಗಳ ಬಗ್ಗೆ ಅಪ್ಪ ಎಂದೂ ಬಾಯಿ ಬಿಟ್ಟವನಲ್ಲ. ಅಂದು ಬಿಟ್ಟ. "ಒಂದ್ಸಲ ನನಗೋಸ್ಕರ ಬಿಟ್ಟೆ ಮಗಳೇ. ಈ ಸಲ ಯಾರ ಹೆಸರು ಹೇಳ್ತೀಯ?"

ಅವಳು ಎದ್ದುಹೋಗಿ ಪುಸ್ತಕ ತೆಗೆದಳು. ಎರಡನೇ ಸಲ ಪಾಸಾದಳು.

ಕೊನೆಗೆ ಉಳಿದದ್ದು ಒಂದು ಪ್ರಬಂಧ. ತಾನು ದಿನವೂ ಓಡಾಡುವ ದಾರಿಯ ಸ್ಟಾಪುಗಳ ಹೆಸರನ್ನೇ ಅವಳು ವಿಷಯ ಮಾಡಿಕೊಂಡಳು. ‘ಎರಡು ಬಾವಿ’ಯಲ್ಲಿ ಒಂದು ಬಾವಿಯೂ ಇಲ್ಲ, ‘ಗಿರಣಿ ಮೂಲೆ’ಯಲ್ಲಿ ಗಿರಣಿ ಇಲ್ಲ. ವಯಸ್ಸಾದ ಪ್ರಯಾಣಿಕರನ್ನು ಮಾತಾಡಿಸಿದಳು, ರಜೆಯ ದಿನ ಗ್ರಂಥಾಲಯದಲ್ಲಿ ಹಳೆಯ ನಕ್ಷೆಗಳ ಧೂಳು ಕುಡಿದಳು.

ಮೌಖಿಕ ಪರೀಕ್ಷೆ ಫೋನಿನಲ್ಲೇ, ವಿಡಿಯೊ ಮೂಲಕ; ಆ ಮಧ್ಯಾಹ್ನಕ್ಕೆ ರಜೆ ಬರೆದಿದ್ದಳು. ಆದರೆ ಅವಳ ಜಾಗಕ್ಕೆ ಬರಬೇಕಾದವನ ಬಸ್ಸು ದಾರಿಯಲ್ಲೇ ಕೆಟ್ಟಿತು. ಡಿಪೋ ಮ್ಯಾನೇಜರ್ ಕೈ ಮುಗಿದ: "ಇದೊಂದು ಟ್ರಿಪ್ಪು ಗೇರಕ್ಕಾ." ಮುಗಿಸಿ ಬರುವಷ್ಟರಲ್ಲಿ ಮನೆಗೆ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಬಸ್ಸನ್ನು ವರ್ಕ್‌ಶಾಪಿನ ಪಕ್ಕ ನಿಲ್ಲಿಸಿ, ಸೀಟಿನ ಕಂಬಿಗೆ ಫೋನು ಕಟ್ಟಿ, ಖಾಕಿಯಲ್ಲೇ ಕೂತಳು. ಹೊರಗೆ ಹಿರಿಯ ಮೆಕ್ಯಾನಿಕ್ ಎಲ್ಲರನ್ನೂ ಗದರಿಸಿದ: "ಯಾರಾದ್ರೂ ಸುತ್ತಿಗೆ ಮುಟ್ಟಿ ನೋಡಿ, ಇದೆ ನಿಮಗೆ!"

ಪರೀಕ್ಷಕಿ ಬಿಳಿಕೂದಲಿನ ಹೆಂಗಸು. "ಎರಡು ಬಾವಿ ಇದ್ವು ಅಂತ ಬರೆದಿದ್ದೀರಿ. ಜನ ಹೇಳಿದ್ದೊಂದೇ ಆಧಾರಾನಾ?"

"ಮೊದಲು ನಾನೂ ನಂಬ್ಲಿಲ್ಲ ಮೇಡಂ. ನಕ್ಷೇಲಿ ಬಾವಿ ಇರ್ಲಿಲ್ಲ. ಜನ ಕಥೆ ಕಟ್ಟಿದ್ದಾರೆ ಅಂತಾನೇ ಬರೆದುಬಿಟ್ಟಿದ್ದೆ. ಆಮೇಲೆ ಅದಕ್ಕಿಂತ ಹಳೇ ನಕ್ಷೆ ಸಿಕ್ತು. ಅದರಲ್ಲಿ ಎರಡೂ ಇವೆ. ಹೊಸ ನಕ್ಷೆ ಬರೆಯೋ ಹೊತ್ತಿಗೆ ಮುಚ್ಚಿಬಿಟ್ಟಿದ್ರು. ಇಡೀ ಅಧ್ಯಾಯ ಹರಿದುಹಾಕಿ ಮತ್ತೆ ಬರೆದೆ."

"ಬೇಜಾರಾಗ್ಲಿಲ್ವಾ?"

"ಇಲ್ಲ ಮೇಡಂ. ಕುಣಿದಾಡೋ ಹಾಗಾಯ್ತು!"

ಪರೀಕ್ಷಕಿ ಕನ್ನಡಕ ತೆಗೆದು ನಕ್ಕಳು. ಮುಂದಿನದು ಪರೀಕ್ಷೆಯ ಹಾಗಿರಲಿಲ್ಲ. ಇಬ್ಬರು ಹಳೆಯ ಗೆಳತಿಯರು ಊರ ಸುದ್ದಿ ಮಾತಾಡಿದ ಹಾಗಿತ್ತು.

ಫಲಿತಾಂಶ ಬಂದದ್ದು ಒಂದು ಬೆಳಿಗ್ಗೆ, ಬಸ್ಸುಗಳು ಸಾಲಾಗಿ ಹೊರಡಲು ನಿಂತಿದ್ದಾಗ. ಪ್ರಥಮ ದರ್ಜೆ. ಅವಳು ಫೋನನ್ನು ಮೆಕ್ಯಾನಿಕ್ಕನ ಮುಖಕ್ಕೆ ಹಿಡಿದಳು. ಅವನು ಓದಿದ, ಇನ್ನೊಮ್ಮೆ ಓದಿದ, ಪಕ್ಕದ ಬಸ್ಸಿಗೆ ಹಾರಿ ಹಾರನ್ ಒತ್ತಿದ. ಸುದ್ದಿ ಬಾಯಿಂದ ಬಾಯಿಗೆ ಹೋದಂತೆ ಸಾಲಿನ ಬಸ್ಸುಗಳೆಲ್ಲ ಒಂದೊಂದಾಗಿ ದನಿಗೂಡಿಸಿದವು. ಮ್ಯಾನೇಜರ್ ಓಡಿಬಂದ.

"ಏನ್ರೀ ಇದು? ಊರಿಗೆ ಊರೇ ಎದ್ದು ಕೂತಿದೆ!"

ಯಾರೋ ಅವನಿಗೂ ತೋರಿಸಿದರು. ಅವನು ಅತ್ತಿತ್ತ ನೋಡಿ ಹತ್ತಿರದ ಬಸ್ಸು ಹತ್ತಿದ. ಎಲ್ಲಕ್ಕಿಂತ ಉದ್ದನೆಯ ಹಾರನ್ ಅವನದೇ.

ಸಂಜೆ ಅಪ್ಪನ ಕೈಗೆ ಅವಳು ಪ್ರಬಂಧವನ್ನಿತ್ತಳು. ಅಪ್ಪ ಕಿಟಕಿಯ ಬಳಿ ಕೂತು, ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ. ಅರ್ಧ ಆಯಸ್ಸು ಅದೇ ದಾರಿಯಲ್ಲಿ ಬಸ್ಸು ಓಡಿಸಿದವನು.

"ನನಗೇ ಗೊತ್ತಿರ್ಲಿಲ್ವಲ್ಲೇ ಇದು!" ಎಂದು ನಡುನಡುವೆ ತಲೆಯೆತ್ತುತ್ತಿದ್ದ.

"ಮುಂದೆ ಓದಪ್ಪಾ," ಎನ್ನುತ್ತಿದ್ದಳು ಅವಳು. ತಾನು ಬರೆದದ್ದನ್ನು ಅಪ್ಪನ ದನಿಯಲ್ಲಿ ಕೇಳುತ್ತ, ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.